ಎಣ್ಣೆ ಗಟ್ಟಿಯಾದ ವಾರ

ಡಿಗ್ರಿ ಗಿಗ್ರಿ ನನಗೆ ತಿಳಿಯದು.
ಬಚ್ಚಲ ಗೂಡಿನ ಕೊಬ್ಬರಿ ಎಣ್ಣೆ ಸೀಸೆ
ತಲೆಕೆಳಗು ಮಾಡಿದರೂ ಹನಿ ಬಿಡದಿದ್ದರೆ
ಅದು ಚಳಿ.
ಕಡ್ಡಿ ಹಾಕಿ ಕೆದಕಿದರೆ ಬರುವುದು ಸಾಧಾರಣ ಚಳಿ.
ಕಡ್ಡಿಯೇ ಮುರಿದರೆ, ಈ ವಾರದ್ದು.

ದುರ್ಗಿಗುಡಿಯ ತಿರುವಿನಲ್ಲಿ ನನ್ನ ಇಸ್ತ್ರಿ ಗಾಡಿ.
ಇಪ್ಪತ್ತೆರಡು ಬೇಸಿಗೆಯಲ್ಲಿ ಯಾರೂ
ನನ್ನ ಹತ್ತಿರ ಎರಡು ನಿಮಿಷ ನಿಂತವರಲ್ಲ.
ದೂರದಿಂದಲೇ ಗಂಟು ಎಸೆದು
"ಸಂಜೆ ಬರ್ತೀನಿ ತಿಪ್ಪೇಶಿ."
ಈಗ ನೋಡಿ,
ಬ್ಯಾಂಕಿನ ಮ್ಯಾನೇಜರರು ಒಂದೇ ಒಂದು ಕರವಸ್ತ್ರ ತಂದು
ಆಗುವ ತನಕ ಕಾಯ್ತೀನಿ ಎನ್ನುತ್ತಾರೆ,
ಅಂಗೈ ಎರಡೂ ಇದ್ದಿಲ ಪೆಟ್ಟಿಗೆಯ ಕಡೆ ಚಾಚಿ.

ನಮ್ಮದು ಬೇಸಿಗೆಗೆಂದು ಕಟ್ಟಿದ ಊರು.
ಕಿಟಕಿಗೆ ಜಾಲರಿ, ಬಾಗಿಲ ಮೇಲೆ ಗಾಳಿಗಂಡಿ,
ಅಂಗಾಲು ತಂಪಾಗಲೆಂದೇ ತಿಕ್ಕಿ ತಿಕ್ಕಿ
ಹೊಳಪು ಬರಿಸಿದ ಕೆಂಪು ನೆಲ.
ವರ್ಷಕ್ಕೆ ಹತ್ತು ದಿನ ಆ ಜಾಣತನವೆಲ್ಲ
ತಿರುಗಿ ನಿಂತು ಕಚ್ಚುತ್ತದೆ.
ಆಗ ಗಾಳಿಗಂಡಿಗೆ ಹಳೇ ಸೀರೆ, ಕಿವಿಗೆ ಹತ್ತಿ,
ಅತ್ತೆಯ ಮಂಡಿಗೆ ಹುರಿದ ಉಪ್ಪಿನ ಗಂಟು,
ಆಟೋ ಫೈರೋಜನ ಎದೆಗೆ, ಅಂಗಿಯೊಳಗೆ, ಪೇಪರು:
ಒಂಬತ್ತಕ್ಕಿಳಿಯಿತು ಎಂದು ದಪ್ಪಕ್ಷರದಲ್ಲಿ ಬರೆದ
ಅದೇ ಹಾಳೆ.

ಪಕ್ಕದ ಫುಟ್‌ಪಾತಿನಲ್ಲಿ ಪೆಮಾ ಸ್ವೆಟರ್ ಹರವುತ್ತಾಳೆ,
ದೀಪಾವಳಿ ಕಳೆದು ಬಂದು ಸಂಕ್ರಾಂತಿಗೆ ಗಂಟು ಕಟ್ಟುವವಳು.
ಮಾಲು ಲೂಧಿಯಾನದ್ದು,
ಕನ್ನಡ ಹುಬ್ಬಳ್ಳಿ ಕಡೆಯದು.
"ನಿಮಗೇನ್ರೀ ಚಳಿ, ಹಿಮದ ಜನ"
ಎನ್ನುತ್ತಾರೆ ಗಿರಾಕಿಗಳು, ನೂರು ರೂಪಾಯಿ ಇಳಿಸಲು
ಅದೂ ಒಂದು ಕಾರಣವೆಂಬಂತೆ.
ನಗುತ್ತಾಳೆ. ಮೂಗು ಕೆಂಪು.
ಒಂದರ ಮೇಲೊಂದು ಮೂರು ಸ್ವೆಟರು;
ಮೂರನೆಯದರ ಬೆಲೆಚೀಟಿ
ಮೊಣಕೈಯಲ್ಲಿ ಇನ್ನೂ ನೇತಾಡುತ್ತಿದೆ.

ಮಂಗಳವಾರ ಹತ್ತಾದರೂ ಮಂಜು ಏಳಲಿಲ್ಲ.
ಬಂದು ನನ್ನ ಗಾಡಿಗೆ ಒರಗಿ ಕೂತಳು.
"ಅಣ್ಣಾ, ನಾ ಹುಟ್ಟಿದ್ದು ಮುಂಡಗೋಡದಾಗ.
ಹಿಮ ನೋಡಿದ್ದು ಟೀವಿಯಾಗ.
ಬೆಟ್ಟ ದಾಟಿ ಬಂದಾಕಿ ನಮ್ಮವ್ವ.
ಆಕೀನೂ ಈಗ ಎರಡು ಕೌದಿ ಹೊದ್ದು ಬೈತಾಳ:
ಅಲ್ಲಿ ಥಂಡಿ ಬಾಗಲ ಹೊರಗ ನಿಂದರತಿತ್ತು,
ಒಳಗ ಸಗಣಿ ಬೆಂಕಿ, ಮಣ್ಣಿನ ದಪ್ಪ ಗೋಡಿ.
ಇಲ್ಲಿ ಥಂಡಿ ಬೀಗರಂಗ,
ಚಪ್ಪಲಿ ಬಿಟ್ಟು ಸೀದಾ ಒಳಗ ಬರತೈತಿ."

ನಾನೇನು ಹೇಳಲಿ.
ನನಗೆ ಮುಂದೆ ಚೈತ್ರ, ಬೆನ್ನಿಗೆ ಮಾಗಿ.
ಹೊಟ್ಟೆ ಬೆವರುವಾಗ ಹೆಗಲು ನಡುಗುವ
ದೇಹ ನನ್ನದು.
ಅವಳೊಂದು ಕೈಯಿಲ್ಲದ ಸ್ವೆಟರು ಆರಿಸಿ
ಬೆನ್ನಿಗೆ ಹಿಡಿದು ಅಳತೆ ನೋಡಿದಳು.
ಬಣ್ಣ ಮಾತ್ರ ಗಿಳಿಹಸಿರು. ಯಾರೂ ಕೊಳ್ಳದ್ದು.

ಅಷ್ಟರಲ್ಲಿ ಹೆರಿಗೆ ಆಸ್ಪತ್ರೆಯ ಆಯಾ ಸುಶೀಲಕ್ಕ
ಓಡಿ ಬಂದಳು, ಕೈಯಲ್ಲಿ ನಾಲ್ಕು ಹತ್ತಿ ಬಟ್ಟೆ.
"ಇಸ್ತ್ರಿ ಬೇಡ, ಬಿಸಿ ಮಾಡು ಸಾಕು.
ರಾತ್ರಿ ಹುಟ್ಟಿದ ಕೂಸು."
ಪೆಮಾ ರಾಶಿಯಿಂದ ಒಂದು ಪುಟ್ಟ ಕುಲಾವಿ ಎಳೆದಳು.
ಉಣ್ಣೆಗೆ ನೇರ ಕಾವು ತಾಗಬಾರದು;
ಮೇಲೆ ಒದ್ದೆ ಬಟ್ಟೆ ಹಾಸಿ
ಪೆಟ್ಟಿಗೆಯನ್ನು ಉಸಿರು ಹಿಡಿದು ಮುಟ್ಟಿಸಿದೆ.
ಹಬೆ ಎದ್ದಿತು.
ಮೂವರ ಮುಖವೂ ಅದರೊಳಗೆ ಬಾಗಿತು.

"ಎಷ್ಟಾಯ್ತು ತಿಪ್ಪೇಶಿ?"
ನನ್ನ ಹಲಗೆಯಲ್ಲಿ ಶರ್ಟಿಗೆ ರೇಟಿದೆ, ಪ್ಯಾಂಟಿಗೆ ಇದೆ,
ಸೀರೆಗೆ ಫಾಲ್ ಇದ್ದರೆ ಬೇರೆ.
ಬಿಸಿಗೆ ಏನೂ ಬರೆದಿಲ್ಲ.
ಅವಳು ಆಗಲೇ ಓಡಿದ್ದಳು,
ಗಂಟನ್ನು ಸೆರಗಿನೊಳಗೆ ಮುಚ್ಚಿ,
ದಾರಿಯ ಗಾಳಿ ಕದ್ದೀತೆಂದು.

ಶಿವರಾತ್ರಿಗೆ ಶಿವಶಿವಾ ಎನ್ನುತ್ತ ಹೋಗುತ್ತದಂತೆ ಚಳಿ.
ಇವತ್ತು ಬೆಳಿಗ್ಗೆ ಸೀಸೆ ಅಲ್ಲಾಡಿಸಿ ನೋಡಿದೆ:
ಅಂಚಿಗೆ ಒಂದು ಸುತ್ತು ಕರಗಿದೆ,
ನಡುವಿನ ಬಿಳಿ ಗಡ್ಡೆ ಅದರೊಳಗೆ
ಹುಟ್ಟಿಲ್ಲದ ದೋಣಿಯ ಹಾಗೆ ತಿರುಗುತ್ತಿದೆ.

ಮ್ಯಾನೇಜರರು ನಾಳೆ
ಕರವಸ್ತ್ರ ತರುತ್ತಾರೋ ಇಲ್ಲವೋ.